ಎಲ್ಲ ಅಧಿಕಾರ ಗ್ರಾಮಸಭೆಗೆ ಎಂದು ಬರೆಯುವ ಪಕ್ಷ ಬಿ ಫಾರಂ ಯಾರ ಕೈಯಲ್ಲಿ ಇಡಬೇಕು?

ನಾಲೆಕೊನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನದು ಮಂಡ್ಯ ಜಿಲ್ಲೆ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗದ ಊರು. ಎರಡೂವರೆ ಎಕರೆ ಗದ್ದೆ, ಹತ್ತು ಗುಂಟೆ ತೆಂಗು. ಹನ್ನೊಂದು ವರ್ಷದಿಂದ ಒಂದು ಸಣ್ಣ ಪಕ್ಷದ ಕಾರ್ಯಕರ್ತ. ಪಕ್ಷದ ಹೆಸರು ಇಲ್ಲಿ ಬೇಡ, ಮನೆ ಮಾತನ್ನು ಹೆಸರು ಹಿಡಿದು ಬೀದಿಯಲ್ಲಿ ಆಡಲು ನನಗೆ ಮನಸ್ಸಿಲ್ಲ. ವಿಧಾನಸಭೆಯಲ್ಲಿ ನಮ್ಮವರು ಯಾರೂ ಇಲ್ಲ. ತಾಲ್ಲೂಕಿನಲ್ಲಿ ಚಂದಾ ಕಟ್ಟಿದ ಸದಸ್ಯರು ಮುನ್ನೂರ ಚಿಲ್ಲರೆ.

ಪಕ್ಷದ ನೀತಿಯ ಕರಡು ಕೆಳಗಿನ ಸಮಿತಿಗಳಿಗೆ ಬಂದಿದೆ. ಬರುವ ಭಾನುವಾರ ನಮ್ಮ ತಾಲ್ಲೂಕು ಸಭೆಯಲ್ಲಿ ಅದರ ಚರ್ಚೆ. ನಾಲ್ಕನೇ ಪುಟದಲ್ಲಿ ದಪ್ಪಕ್ಷರದಲ್ಲಿ ಹೀಗಿದೆ: ಊರಿನ ನೆಲ, ಜಲ, ಹಣದ ಮೇಲಿನ ಎಲ್ಲ ಅಧಿಕಾರ ಗ್ರಾಮಸಭೆಗೆ. ಓದಿದಾಗ ಮೈ ಜುಮ್ಮೆಂದಿತು. ನಮ್ಮಪ್ಪ ಹಸಿರು ಟವೆಲ್ ಹಾಕಿಕೊಂಡು ರೈತ ಸಂಘದಲ್ಲಿ ಓಡಾಡಿದವರು. ಎಂಬತ್ತರ ದಶಕದಲ್ಲಿ ಸಂಘದವರು ಊರೂರ ಬಾಗಿಲಲ್ಲಿ ಬೋರ್ಡು ನೆಡುತ್ತಿದ್ದರು, ಅಪ್ಪಣೆ ಇಲ್ಲದೆ ಅಧಿಕಾರಿಗಳು ಒಳಗೆ ಬರಬಾರದು ಅಂತ. ನಮ್ಮೂರ ಬೋರ್ಡು ಅರಳಿಕಟ್ಟೆ ಪಕ್ಕದಲ್ಲಿತ್ತು. ಸಾಲ ವಸೂಲಿಯ ಜೀಪು ಅಲ್ಲಿಗೆ ಬಂದು ಇಂಜಿನ್ ಆಫ್ ಮಾಡಿ ಕಾಯುತ್ತಿತ್ತು. ಅಪ್ಪ ಎದ್ದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ನಿಧಾನಕ್ಕೆ ನಡೆದು ಹೋಗಿ ಮಾತಾಡುತ್ತಿದ್ದರು. ಆ ನಡಿಗೆ ಈಗಲೂ ಕಣ್ಣಲ್ಲಿದೆ. ಊರಿಗೆ ಅಧಿಕಾರ ಎಂದರೆ ನನಗೆ ಅದು.

ಆದರೆ ಅದೇ ಕರಡಿನ ಇಪ್ಪತ್ತೊಂದನೇ ಪುಟಕ್ಕೆ ಬನ್ನಿ. ಅಭ್ಯರ್ಥಿ ಆಯ್ಕೆ, ಮೈತ್ರಿ, ನಿಧಿ, ಶಿಸ್ತುಕ್ರಮ, ಇವುಗಳಲ್ಲಿ ರಾಜ್ಯ ಸಮಿತಿಯ ತೀರ್ಮಾನವೇ ಅಂತಿಮ. ಎರಡೂ ಪುಟ ಎದುರಿಗೆ ಇಟ್ಟುಕೊಂಡು ರಾತ್ರಿಯೆಲ್ಲ ಕೂತಿದ್ದೆ.

ಮೊದಲು ನಾಲ್ಕನೇ ಪುಟ. ನಮ್ಮ ಉಪನಾಲೆಯ ಮೇಲೆ ಒಂಬತ್ತು ಊರಿವೆ, ನಮ್ಮದು ಒಂಬತ್ತನೆಯದು. ಭತ್ತ ಹೊಡೆ ಬರುವ ಹೊತ್ತಿಗೆ ಸರಿಯಾಗಿ ಕಟ್ಟು ನೀರು, ಅಂದರೆ ಸರದಿ ಮೇಲೆ ನೀರು ಬಿಡುವುದು, ಶುರುವಾದ ಒಂದು ವರ್ಷ, ನಮ್ಮ ಸರದಿ ರಾತ್ರಿ ಬಂತು. ಹನ್ನೆರಡು ಗಂಟೆಗೆ ಬ್ಯಾಟರಿ ಹಿಡಿದು ನಾನು ಮತ್ತು ನನ್ನ ತಮ್ಮ ನಾಲೆ ಏರಿ ಮೇಲೆ ಮೂರು ಕಿಲೋಮೀಟರ್ ನಡೆದೆವು. ಮೇಲಿನ ಊರಿನ ತೂಬು ಮುಚ್ಚಿತ್ತು, ಬೀಗವೂ ಇತ್ತು. ಆದರೆ ತೂಬಿನ ಪಕ್ಕದ ಏರಿಯಲ್ಲಿ ಮಣ್ಣು ಬಗೆದು ನಾಲ್ಕು ಇಂಚಿನ ಪೈಪು ಇಳಿಸಿದ್ದರು, ಮೇಲೆ ಕಬ್ಬಿನ ಗರಿ ಮುಚ್ಚಿದ್ದರು. ನೀರು ಸದ್ದಿಲ್ಲದೆ ಹೋಗುತ್ತಿತ್ತು. ಗರಿ ಎತ್ತಿದಾಗ ಆ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ತೂಬು ನೋಡಿಕೊಳ್ಳುವ ಇಲಾಖೆಯ ನೌಕರ ಸೌಡಿಗೆ ಫೋನು ಮಾಡಿದರೆ ಆತ ಪಾಪ ಒಬ್ಬನೇ, ಅವನ ಕೈಕೆಳಗೆ ಎಷ್ಟೋ ತೂಬು. ಬೆಳಗ್ಗೆ ಇಲಾಖೆಯ ಇಂಜಿನಿಯರ್ ಬಂದು ಪೈಪು ಕಿತ್ತ ಮೇಲೆಯೇ ನಮಗೆ ನೀರು. ಈಗ ಯೋಚನೆ ಮಾಡಿ: ಜಲದ ಮೇಲಿನ ಎಲ್ಲ ಅಧಿಕಾರ ಮೇಲಿನ ಊರಿನ ಗ್ರಾಮಸಭೆಗೆ ಕೊಟ್ಟರೆ ಆ ಪೈಪಿಗೆ ನಿರ್ಣಯದ ಸೀಲು ಬಿದ್ದಂತೆ. ಆ ಊರಿನವರೆಲ್ಲ ಕೈ ಎತ್ತುತ್ತಾರೆ, ಯಾಕೆ ಎತ್ತಬಾರದು? ನಾನು ಆ ಸಭೆಯ ಮತದಾರನೇ ಅಲ್ಲ.

ಇನ್ನು ಇಪ್ಪತ್ತೊಂದನೇ ಪುಟ. 2023ರ ಏಪ್ರಿಲ್ 20, ವಿಧಾನಸಭೆ ಚುನಾವಣೆಗೆ ನಾಮಪತ್ರ ಹಾಕಲು ಕೊನೇ ದಿನ. ಒಂದು ತಿಂಗಳು ಮೊದಲೇ ನಮ್ಮ ತಾಲ್ಲೂಕು ಸಭೆ ಕೈ ಎತ್ತಿಸಿ ಅಭ್ಯರ್ಥಿ ಆರಿಸಿತ್ತು, ಹಾಲಿನ ಡೇರಿಯಲ್ಲಿ ಹದಿನೈದು ವರ್ಷ ಲೆಕ್ಕ ಬರೆದ ಒಬ್ಬ ಅಕ್ಕ. ಅವರ ಲೆಕ್ಕದಲ್ಲಿ ಒಂದು ಲೀಟರ್ ಹೆಚ್ಚುಕಡಿಮೆ ಆಗಿದ್ದನ್ನು ಯಾರೂ ಕಂಡಿಲ್ಲ. ಬೆಂಗಳೂರಿನಲ್ಲಿ ಮಾತ್ರ ಮೈತ್ರಿಯ ಮಾತು ಹಿಂದಿನ ರಾತ್ರಿವರೆಗೂ ಮುಗಿದಿರಲಿಲ್ಲ. ನಾಮಪತ್ರಕ್ಕೆ ಸಹಿ ಹಾಕಿದ ನಾವು ಹತ್ತು ಜನ ಸೂಚಕರು ತಾಲ್ಲೂಕು ಕಚೇರಿ ಬಾಗಿಲಲ್ಲಿ ನಿಂತಿದ್ದೆವು. ಮಧ್ಯಾಹ್ನ 2.40ಕ್ಕೆ ಬಿ ಫಾರಂನ, ಅಂದರೆ ಇವರೇ ಪಕ್ಷದ ಅಭ್ಯರ್ಥಿ ಎಂದು ಪಕ್ಷ ಕೊಡುವ ಪತ್ರದ, ಫೋಟೋ ವಾಟ್ಸಾಪಿಗೆ ಬಂತು. ಚುನಾವಣಾಧಿಕಾರಿ ತಪ್ಪು ಮಾಡಲಿಲ್ಲ, ಶಾಯಿಯಲ್ಲಿ ಸಹಿ ಮಾಡಿದ ಮೂಲ ಪ್ರತಿಯೇ ಮೂರು ಗಂಟೆಯೊಳಗೆ ಬೇಕು ಎಂಬುದು ಕಾನೂನು. ಫಾರಂ ತಂದ ಹುಡುಗ ಬೈಕಿನಿಂದ ಇಳಿದಾಗ 3.10. ಹೆಲ್ಮೆಟ್ಟೂ ತೆಗೆಯದೆ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟ. ಹತ್ತು ಸೂಚಕರಿದ್ದ ಕಾರಣ ಅಕ್ಕನ ನಾಮಪತ್ರ ಪಕ್ಷೇತರ ಎಂದು ಉಳಿಯಿತು. ಚಿಹ್ನೆ ಬೇರೆ ಸಿಕ್ಕಿತು. ಪಕ್ಷದ ಚಿಹ್ನೆ ಹಾಕಿ ಮುದ್ರಿಸಿದ್ದ ಎಂಟು ಸಾವಿರ ಕರಪತ್ರ ನಮ್ಮ ಹಟ್ಟಿಯ ಅಟ್ಟದ ಮೇಲೆ ಇನ್ನೂ ಇವೆ.

ನನ್ನ ಮನಸ್ಸಿಗೆ ತೋಚುವುದು ಇಷ್ಟು. ನಾಲೆ ನೀರಿನಂಥ, ಮೇಲೆ ಇರಬೇಕಾದ್ದನ್ನು ಕೆಳಕ್ಕೆ ಬರೆದಿದ್ದಾರೆ. ಅಭ್ಯರ್ಥಿ ಆಯ್ಕೆಯಂಥ, ಕೆಳಗೆ ಇರಬೇಕಾದ್ದನ್ನು ಮೇಲೆ ಇಟ್ಟುಕೊಂಡಿದ್ದಾರೆ. ಭಾನುವಾರ ಇದನ್ನೇ ತಿದ್ದುಪಡಿಯಾಗಿ ಇಡಬೇಕು. ಯಾವುದು ಊರಿಗೆ, ಯಾವುದು ಜಿಲ್ಲೆಗೆ, ಯಾವುದು ರಾಜ್ಯಕ್ಕೆ ಎಂದು ಅನುಭವ ಇರುವವರು ಹೇಳಿ. ಬರೀ ಘೋಷಣೆ ಬೇಡ, ಕಂಡದ್ದು ಹೇಳಿ.

ಪಂಚಾಯ್ತಿ ಮೇಜು

ನಾನು ತುಮಕೂರು ಜಿಲ್ಲೆಯಲ್ಲಿ ಪಂಚಾಯ್ತಿ ಕಾರ್ಯದರ್ಶಿಯಾಗಿ ನಿವೃತ್ತನಾದವನು. ಕೆಲಸಕ್ಕೆ ಸೇರಿದ್ದು ಮಂಡಲ ಪಂಚಾಯ್ತಿ ಕಾಲದಲ್ಲಿ. ಹಾಗಾಗಿ ಎರಡೂ ಕಾಲ ಕಂಡಿದ್ದೇನೆ.

ರಾಮಕೃಷ್ಣ ಹೆಗಡೆಯವರ ಸರ್ಕಾರ 1983ರಲ್ಲಿ ಮಂಡಲ ಪಂಚಾಯ್ತಿ, ಜಿಲ್ಲಾ ಪರಿಷತ್ತಿನ ಮಸೂದೆ ತಂದಿತು, ರಾಷ್ಟ್ರಪತಿಗಳ ಒಪ್ಪಿಗೆ ಬರಲು 1985 ಆಯಿತು, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಅಬ್ದುಲ್ ನಜೀರ್ ಸಾಬ್ ಮಂತ್ರಿ. ಕೊಳವೆಬಾವಿ ಕೊರೆಸಿದ್ದಕ್ಕೆ ಜನ ನೀರ್ ಸಾಬ್ ಎನ್ನುತ್ತಿದ್ದರು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಇದು ಬರೀ ಮರ್ಯಾದೆಯ ಮಾತಲ್ಲ. ಜಿಲ್ಲೆಯ ಶಾಲೆ, ಆಸ್ಪತ್ರೆ, ಕೃಷಿ ಇಲಾಖೆಯ ಸಿಬ್ಬಂದಿ ಪರಿಷತ್ತಿನ ಮಾತು ಕೇಳಬೇಕಿತ್ತು. ಮಾಸ್ತರು ಶಾಲೆಗೆ ಬಂದಿಲ್ಲ ಎಂದು ಮಂಡಲ ಪ್ರಧಾನರು ನನ್ನ ಮೇಜಿನಿಂದಲೇ ಕಾಗದ ಬರೆಸಿದರೆ ವಾರದಲ್ಲಿ ಉತ್ತರ ಬರುತ್ತಿತ್ತು. ಆ ಕಾಗದಗಳನ್ನು ಬರೆದ ಕೈ ಇದು.

1992ರಲ್ಲಿ ಆ ಸಂಸ್ಥೆಗಳ ಅವಧಿ ಮುಗಿದು ಆಡಳಿತಾಧಿಕಾರಿಗಳು ಬಂದು ಕೂತರು. ಆಮೇಲೆ ಸಂವಿಧಾನದ 73ನೇ ತಿದ್ದುಪಡಿ, ನಮ್ಮ ರಾಜ್ಯದ 1993ರ ಪಂಚಾಯ್ತಿ ಕಾಯ್ದೆ. ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯ್ತಿಗಳಿಗೆ ಕೊಡಬಹುದಾದ 29 ವಿಷಯ. ಕಾಗದದಲ್ಲಿ ಎಲ್ಲವೂ ಇದೆ. ಆದರೆ ವಿಷಯ ಕೊಟ್ಟು ಸಿಬ್ಬಂದಿ ಕೊಡದಿದ್ದರೆ, ಸಿಬ್ಬಂದಿ ಕೊಟ್ಟು ದುಡ್ಡಿಗೆ ಷರತ್ತು ಹಾಕಿದರೆ ಪಂಚಾಯ್ತಿ ಅಂದರೆ ಮೇಲಿನವರ ಕೌಂಟರ್ ಅಷ್ಟೆ. 15ನೇ ಹಣಕಾಸು ಆಯೋಗದ ಅನುದಾನವನ್ನೇ ನೋಡಿ. 2021ರ ನಂತರ ನೂರಕ್ಕೆ 60 ರೂಪಾಯಿ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು, ಊರು ತಾನಾಗಿ ಯೋಚಿಸಿ ಖರ್ಚು ಮಾಡಲು ಉಳಿದದ್ದು 40. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿಗೆ ಕೊನೆಯ ಚುನಾವಣೆ 2016ರಲ್ಲಿ ನಡೆಯಿತು. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆ ಕುರ್ಚಿಗಳಲ್ಲಿ ಜನ ಆರಿಸಿದವರು ಯಾರೂ ಇರಲಿಲ್ಲ. ಮಧ್ಯದ ಎರಡು ಮೆಟ್ಟಿಲು ಕಿತ್ತುಹೋದರೆ ಊರಿನವನು ನೇರ ವಿಧಾನಸೌಧದ ಮೆಟ್ಟಿಲೇ ಹತ್ತಬೇಕು, ಶಾಸಕರ ಮನೆ ಬಾಗಿಲ ಮೂಲಕ.

ನಿಮ್ಮ ಕರಡಿನಲ್ಲಿ "ಎಲ್ಲ ಅಧಿಕಾರ" ಎಂಬ ಮಾತು ಹೊಡೆದು ಹಾಕಿಸಿ. ಪ್ರತಿ ವಿಷಯಕ್ಕೂ ಕೆಲಸ ಯಾರದು, ಅದಕ್ಕೆ ದುಡ್ಡು ಎಲ್ಲಿಂದ, ನೌಕರನ ರಜೆ ಅರ್ಜಿಗೆ ಸಹಿ ಯಾರದು ಎಂದು ಬರೆಯಿಸಿ. ರಜೆ ಅರ್ಜಿ ಎಂದದ್ದಕ್ಕೆ ಕಾರಣವಿದೆ. ನೌಕರ ಯಾರ ಮಾತು ಕೇಳುತ್ತಾನೆ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ.

ಮಾಜಿ ಅಧ್ಯಕ್ಷೆ

ಅಣ್ಣ, ನಿಮ್ಮ ನಾಲೆ ಕಥೆ ಓದಿ ನನ್ನ ಕಥೆ ಹೇಳಬೇಕು ಅನ್ನಿಸಿತು. ನಿಮಗೆ ನಾಲೆಯ ಕೊನೆ, ನಮಗೆ ಊರಿನ ಕೊನೆ.

ನಾನು ಪರಿಶಿಷ್ಟ ಜಾತಿ ಮಹಿಳಾ ಮೀಸಲಿನಲ್ಲಿ ಗ್ರಾಮ ಪಂಚಾಯ್ತಿ ಅಧ್ಯಕ್ಷೆಯಾಗಿದ್ದವಳು. ನಮ್ಮ ಗ್ರಾಮಸಭೆ ಮೊದಲಿನಿಂದಲೂ ದೇವಸ್ಥಾನದ ಜಗಲಿ ಮೇಲೆ ನಡೆಯುತ್ತಿತ್ತು. ನಮ್ಮ ಕೇರಿಯವರು ಕೆಳಗೆ ಹುಣಸೆ ಮರದ ಹತ್ತಿರ ನಿಲ್ಲುವುದು. ಮೈಕು ಜಗಲಿ ಮೇಲೆ. ಯಾರ ಮನೆ ಮಂಜೂರು, ಯಾರದು ಇಲ್ಲ ಎಂದು ಪಟ್ಟಿ ಓದಿದರೆ ನಮಗೆ ಅರ್ಧ ಕೇಳಿಸುತ್ತಿತ್ತು, ಅರ್ಧ ಇಲ್ಲ. ಆಕ್ಷೇಪ ಇದೆಯಾ ಅಂತ ಕೇಳಿ ಉತ್ತರಕ್ಕೆ ಕಾಯದೆ ಮುಂದಕ್ಕೆ ಹೋಗುತ್ತಿದ್ದರು. ನಾನು ಅಧ್ಯಕ್ಷೆಯಾದ ಮೊದಲ ಸಭೆಗೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಮೇಡಂ ನನ್ನ ಕುರ್ಚಿಯನ್ನೂ ಜಗಲಿ ಮೇಲೆ ಹಾಕಿಸಿದ್ದರು. ನಾನು ಹತ್ತಲಿಲ್ಲ. ಸಭೆಯನ್ನು ಶಾಲೆ ಅಂಗಳಕ್ಕೆ ಬದಲಾಯಿಸಿ ಅಂದೆ. ಒಂದು ಗಂಟೆ ಯಾರೂ ಬರಲಿಲ್ಲ. ಆಮೇಲೆ ನಮ್ಮ ಕೇರಿಯ ಹೆಂಗಸರು ಬಂದು ಮೊದಲ ಸಾಲಿನಲ್ಲಿ ಕೂತರು, ಉಳಿದವರು ಬರಲೇಬೇಕಾಯಿತು, ಯಾಕೆಂದರೆ ಅವರ ಕೆಲಸದ ಪಟ್ಟಿಯೂ ಅದೇ ಸಭೆಯಲ್ಲಿ ಆಗಬೇಕಿತ್ತು.

ಆ ಕುರ್ಚಿ ನನಗೆ ನಮ್ಮೂರು ಕೊಟ್ಟದ್ದಲ್ಲ ಅಣ್ಣ. ಸಂವಿಧಾನ ಕೊಟ್ಟದ್ದು, ಮೇಲಿನಿಂದ ಬಂದ ಮೀಸಲು ಪಟ್ಟಿ ಕೊಟ್ಟದ್ದು. 2010ರಿಂದ ನಮ್ಮ ರಾಜ್ಯದಲ್ಲಿ ಪಂಚಾಯ್ತಿಯ ಅರ್ಧ ಸೀಟು ಹೆಣ್ಣುಮಕ್ಕಳಿಗೆ, ಅದೂ ಮೇಲಿನ ತೀರ್ಮಾನವೇ. ನಮ್ಮೂರ ಗ್ರಾಮಸಭೆಗೆ ಬಿಟ್ಟಿದ್ದರೆ ನನ್ನನ್ನು ಆರಿಸುತ್ತಿದ್ದರಾ? ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಅಜ್ಞಾನ ಮತ್ತು ಕೋಮುಭಾವದ ಗುಹೆ ಅಂದರು, ಕರಡು ಸಂವಿಧಾನ ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಹಿಡಿದದ್ದು ಸಂತೋಷ ಅಂದರು. ಇದನ್ನು ಓದಿ ಎಷ್ಟೋ ಜನ ಬೇಜಾರು ಮಾಡಿಕೊಳ್ಳುತ್ತಾರೆ. ಹುಣಸೆ ಮರದ ಕೆಳಗೆ ನಿಂತು ಕೇಳಿದವರಿಗೆ ಬೇಜಾರಾಗುವುದಿಲ್ಲ.

ಹಾಗಂತ ಪಂಚಾಯ್ತಿ ಬೇಡ ಅನ್ನುವವಳಲ್ಲ ನಾನು. ನನ್ನ ಅವಧಿಯಲ್ಲಿ ನಮ್ಮ ಕೇರಿಗೆ ಚರಂಡಿ ಬಂತು, ಸ್ಮಶಾನಕ್ಕೆ ದಾರಿ ಬಂತು. ಬೆಂಗಳೂರಿನ ಯಾವ ಸಾಹೇಬರೂ ಆ ದಾರಿ ನೋಡಿದವರಲ್ಲ, ಮಳೆಗಾಲದಲ್ಲಿ ಹೆಣ ಹೊತ್ತು ಆ ಕೆಸರಲ್ಲಿ ನಡೆದವರು ನಾವು, ಅದಕ್ಕೇ ಮೊದಲ ಕ್ರಿಯಾಯೋಜನೆಯಲ್ಲೇ ಹಾಕಿಸಿದೆ. ಏನು ಕೆಲಸ ಅನ್ನುವುದು ಊರು ಹೇಳಲಿ. ಯಾರನ್ನೂ ಬಿಡಬಾರದು ಅನ್ನುವುದು ಮೇಲಿನ ಕಾನೂನು ಹೇಳಲಿ.

ನಿಮ್ಮ ಭಾನುವಾರದ ಸಭೆ ಎಲ್ಲಿ ಇಟ್ಟಿದ್ದೀರಿ?

ಶರಾವತಿ ಸೀಮೆ

ಕೆಲಸ ಏನು ಎಂದು ಊರು ಹೇಳಲಿ, ಯಾರನ್ನೂ ಬಿಡಬಾರದು ಎಂದು ಕಾನೂನು ಹೇಳಲಿ ಎಂಬ ಅಕ್ಕನವರ ಮಾತಿಗೆ ನಮ್ಮ ಸಾಗರದ ಕಡೆಯ ಒಂದು ಸಾಕ್ಷಿ ಸೇರಿಸುತ್ತೇನೆ.

ನಮ್ಮಜ್ಜ ಕಾಗೋಡಿನ ಗೇಣಿದಾರ. 1951ರ ಸತ್ಯಾಗ್ರಹ ಶುರುವಾದದ್ದು ಗೇಣಿ ಅಳೆಯುವ ಕೊಳಗದ ವಿಷಯಕ್ಕೆ. ಒಡೆಯರು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದರು. ಅಳತೆ ಊರಿನ ಅಧಿಕಾರವೇ ಆಗಿತ್ತಲ್ಲ, ಯಾವ ಸರ್ಕಾರವೂ ಅದರಲ್ಲಿ ಕೈ ಹಾಕಿರಲಿಲ್ಲ! ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿ ಪಕ್ಷದವರು ಗೇಣಿದಾರರ ಬೆನ್ನಿಗೆ ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆದರೆ ಅಜ್ಜನಿಗೆ ಭೂಮಿ ಸಿಕ್ಕಿದ್ದು 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ. ಆ ಕಾನೂನಿನ ಕಟ್ಟಡ ನೋಡಿ. ಗೇಣಿ ಪದ್ಧತಿ ರದ್ದು ಎಂಬುದು ವಿಧಾನಸಭೆಯ ತೀರ್ಮಾನ, ಯಾವ ಊರೂ ಅದನ್ನು ತಿರುಗಿಸುವಂತಿಲ್ಲ. ಈ ಗದ್ದೆ ಉತ್ತವರು ಯಾರು ಎಂಬುದನ್ನು ತೀರ್ಮಾನಿಸಲು ತಾಲ್ಲೂಕಿನಲ್ಲೇ ಭೂ ನ್ಯಾಯಮಂಡಳಿ. ಉಪವಿಭಾಗಾಧಿಕಾರಿ ಅಧ್ಯಕ್ಷರು, ಜೊತೆಗೆ ಸರ್ಕಾರಿ ನೌಕರರಲ್ಲದ ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟರು. ಅಜ್ಜ ಗೇಣಿದಾರರು ಭೂಮಿ ಕೇಳಿ ಹಾಕುವ ಏಳನೇ ನಂಬರ್ ಫಾರಂ ಹಿಡಿದು ಹೋಗಿ, ನನ್ನ ಗದ್ದೆಯ ಮೂಡಣ ಬದುವಿನಲ್ಲಿ ಎರಡು ಹಲಸಿನ ಮರ ಇವೆ, ನೆಟ್ಟದ್ದು ನಾನು ಅಂದರಂತೆ. ಇಂಥದ್ದನ್ನು ಬೆಂಗಳೂರಿನಲ್ಲಿ ಕೂತು ಯಾರು ಪರೀಕ್ಷೆ ಮಾಡಲು ಸಾಧ್ಯ? ಹಕ್ಕು ಮೇಲಿನಿಂದ ಬಂತು, ಸಾಕ್ಷಿ ಕೆಳಗಿನಿಂದ.

ಲೋಹಿಯಾ ಚೌಖಂಬಾ ಅಂದರು, ಅಂದರೆ ನಾಲ್ಕು ಕಂಬ: ಹಳ್ಳಿ, ಜಿಲ್ಲೆ, ಪ್ರಾಂತ್ಯ, ಕೇಂದ್ರ. ಅವರು ಒಂದೇ ಕಂಬಕ್ಕೆ ಮಾಡು ಹೊರಿಸಲಿಲ್ಲ. ನಿಮ್ಮ ಕರಡು ಬರೆದವರು ಮೂರು ಕಂಬ ಕಿತ್ತು ಹಳ್ಳಿಯೊಂದನ್ನೇ ನಿಲ್ಲಿಸಲು ಹೊರಟಿದ್ದಾರೆ.

ಪಕ್ಷದ ಒಳಗಿನ ಮಾತಿಗೆ ಬಂದರೆ ಸಮಾಜವಾದಿಗಳದ್ದು ನೋವಿನ ಕಥೆ. 1954ರಲ್ಲಿ ಕೇರಳ ಆಗುವ ಮೊದಲಿನ ತಿರುವಾಂಕೂರು-ಕೊಚ್ಚಿ ರಾಜ್ಯದಲ್ಲಿ ಪಟ್ಟಂ ತಾಣು ಪಿಳ್ಳೈ ಅವರ ಪ್ರಜಾ ಸಮಾಜವಾದಿ ಸರ್ಕಾರ ಇತ್ತು. ಆಗಸ್ಟಿನಲ್ಲಿ ತಮಿಳು ಚಳವಳಿಗಾರರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಲೋಹಿಯಾ ಪಕ್ಷದ ಪ್ರಧಾನ ಕಾರ್ಯದರ್ಶಿ, ಆಗ ಜೈಲಿನಲ್ಲಿದ್ದರು. ಅಲ್ಲಿಂದಲೇ ಸರ್ಕಾರ ರಾಜೀನಾಮೆ ಕೊಡಬೇಕು ಅಂದರು. ರಾಜ್ಯದವರು ಕೇಳಲಿಲ್ಲ, ಪಕ್ಷದ ದೊಡ್ಡವರೂ ಒಪ್ಪಲಿಲ್ಲ. ಮರುವರ್ಷ ಲೋಹಿಯಾರೇ ಅಮಾನತಾದರು, ಪಕ್ಷ ಒಡೆಯಿತು. ಅಧಿಕಾರ ಹಂಚಬೇಕು ಎಂದು ಜೀವಮಾನವಿಡೀ ಹೇಳಿದವರು ಅಲ್ಲಿ ಕೇಂದ್ರದ ಪರ ನಿಂತಿದ್ದರು, ಯಾಕೆಂದರೆ ಪ್ರಶ್ನೆ ಜನರ ಎದೆಗೆ ಗುಂಡು ಹಾರಿಸುವ ವಿಷಯದ್ದು. ನನ್ನ ಮಟ್ಟಿಗೆ ಲೋಹಿಯಾ ಸರಿ. ಅಭ್ಯರ್ಥಿ ಯಾರು ಎಂಬುದು ತಾಲ್ಲೂಕಿನದ್ದಾಗಲಿ, ಆದರೆ ಗೆದ್ದವರು ಏನು ಮಾಡಬಾರದು ಎಂಬ ನಾಲ್ಕೈದು ಗೆರೆಗಳನ್ನು ಇಡೀ ಪಕ್ಷ ಕೂತು ಎಳೆಯಲೇಬೇಕು.

ನಾಲೆಕೊನೆ

ಎಲ್ಲರಿಗೂ ಶರಣು. ಶರಾವತಿ ಸೀಮೆಯವರೇ, ಹಲಸಿನ ಮರದ ಮಾತು ನಮ್ಮಪ್ಪನಿಗೆ ಓದಿ ಹೇಳಿದೆ, ಎರಡು ಸಲ ಓದಿಸಿಕೊಂಡರು.

ಅಕ್ಕ, ಸಭೆ ಎಲ್ಲಿ ಎಂದು ಕೇಳಿದಿರಿ. ನಮ್ಮೂರ ಮಾರಮ್ಮನ ಗುಡಿ ಮುಂದಿನ ಚಪ್ಪರದಲ್ಲಿ. ಹನ್ನೊಂದು ವರ್ಷದಿಂದ ಅಲ್ಲಿಯೇ ನಡೆಸುತ್ತಿದ್ದೇವೆ. ನೀವು ಕೇಳುವವರೆಗೆ ನನಗೆ ಹೊಳೆದಿರಲಿಲ್ಲ ಎಂದು ಹೇಳಲು ಕಷ್ಟವಾಗುತ್ತಿದೆ. ನಮ್ಮ ಸದಸ್ಯರಲ್ಲಿ ಕೇರಿಯವರು ನಲವತ್ತು ಜನ ಇದ್ದಾರೆ, ಸಭೆಗೆ ಬರುವವರು ಆರೇಳು ಜನ.

ಚಂದ್ರಗಿರಿ ದಡ

ಕಾಸರಗೋಡಿನಿಂದ ನಮಸ್ಕಾರ. 1956ರಲ್ಲಿ ನಮ್ಮನ್ನು ಕೇರಳಕ್ಕೆ ಸೇರಿಸಿದ ಮೇಲೆ ನಿಮ್ಮ ರಾಜಕೀಯವನ್ನು ಪಕ್ಕದ ಮನೆಯವರಂತೆ ನೋಡುವವರು ನಾವು.

ಇಲ್ಲಿ ಜನಕೀಯ ಯೋಜನೆ, ಅಂದರೆ ಊರಿನ ಯೋಜನೆಯನ್ನು ಜನರೇ ಮಾಡುವ ಪದ್ಧತಿ, ಶುರುವಾದದ್ದು 1996ರ ಆಗಸ್ಟ್ 17ರಂದು. ರಾಜ್ಯದ ಯೋಜನಾ ಹಣದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟರು. ಅಷ್ಟು ಹಣ ಕೆಳಗಿಳಿದಾಗ ವಾರ್ಡ್ ಮಟ್ಟದ ಗ್ರಾಮಸಭೆಗೆ ಜನ ಬರತೊಡಗಿದರು. ನನ್ನ ತಾಯಿ ಕನ್ನಡ ಮಾತ್ರ ಬಲ್ಲವರು, ಮಲಯಾಳದಲ್ಲಿ ನಡೆಯುವ ಯಾವ ಸಭೆಗೂ ಹೋದವರಲ್ಲ. ಕೃಷಿ ಗುಂಪಿನಲ್ಲಿ ಅಡಿಕೆ ತೋಟದ ನೀರಿನ ಚರ್ಚೆ ಎಂದಾಗ ಹೋಗಿ ಕನ್ನಡದಲ್ಲೇ ಮಾತಾಡಿ ಬಂದರು, ಬರೆದುಕೊಳ್ಳುವ ಹುಡುಗಿ ಕನ್ನಡದಲ್ಲೇ ಬರೆದುಕೊಂಡಳಂತೆ. ತಿರುವನಂತಪುರದಲ್ಲಿ ಅದು ಆಗುತ್ತಿರಲಿಲ್ಲ.

ನಿಮ್ಮ ಪ್ರಶ್ನೆಗೆ ಇದು ಸ್ವಲ್ಪ ತೊಡಕು ತರುವ ಉದಾಹರಣೆ ಎಂಬುದೂ ನನಗೆ ಗೊತ್ತು. ಇದನ್ನು ಮಾಡಿದ್ದು ಎಡರಂಗದ ಸರ್ಕಾರ. ಅದರ ಮುಂದಾಳು ಪಕ್ಷದ ಒಳಗಿನ ಶಿಸ್ತು ಎಲ್ಲರಿಗೂ ಗೊತ್ತಿರುವಂಥದ್ದು, ಮೇಲಿನ ಸಮಿತಿ ಹೇಳಿದ್ದನ್ನು ಕೆಳಗಿನವರು ಮೀರುವಂತಿಲ್ಲ. ಒಳಗೆ ಅಷ್ಟು ಬಿಗಿಯಾದ ಪಕ್ಷ ಹೊರಗೆ ಅಷ್ಟು ಹಣ ಬಿಟ್ಟುಕೊಟ್ಟಿತು. ಹಾಗಾಗಿ ಒಳಗೆ ವಿಕೇಂದ್ರೀಕರಣ ಇಲ್ಲದ ಪಕ್ಷ ಹೊರಗೂ ಮಾಡಲಾರದು ಎಂದು ಭಾನುವಾರ ವಾದ ಹೂಡಬೇಡಿ, ಯಾರಾದರೂ ಕೇರಳದ ಹೆಸರು ಹೇಳಿದರೆ ವಾದ ಬಿದ್ದುಹೋಗುತ್ತದೆ. ಇನ್ನೊಂದು ವ್ಯತ್ಯಾಸವೂ ಇದೆ. ಇಲ್ಲಿ ಗ್ರಾಮ ಪಂಚಾಯತ್ ಚುನಾವಣೆ ಪಕ್ಷದ ಚಿಹ್ನೆ ಮೇಲೆಯೇ. ನಿಮ್ಮಲ್ಲಿ ಗ್ರಾಮ ಪಂಚಾಯ್ತಿಗೆ ಚಿಹ್ನೆ ಇಲ್ಲ, ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಸಣ್ಣ ಪಕ್ಷಕ್ಕೆ ಕೆಳಗಿನಿಂದ ಬೆಳೆಯುವ ದಾರಿಯೇ ಮುಚ್ಚಿದೆ. ಐದು ವರ್ಷಕ್ಕೊಮ್ಮೆ ವಿಧಾನಸಭೆ ಬಾಗಿಲು ತಟ್ಟುವುದೊಂದೇ ಉಳಿದರೆ ಪಕ್ಷ ಬೆಂಗಳೂರಿನ ಕಡೆಗೇ ಮುಖ ಮಾಡುತ್ತದೆ.

ಪಂಚಾಯ್ತಿ ಮೇಜು

ಕಾಸರಗೋಡಿನವರ ಮಾತು ಒಪ್ಪಿದೆ. ಬಿ ಫಾರಂ ಬಗ್ಗೆ ಒಂದು ಕಚೇರಿ ಮಾತು ಉಳಿದಿತ್ತು. ಚುನಾವಣೆ ಕೆಲಸಕ್ಕೆ ಎಷ್ಟೋ ಸಲ ಕೂತವನು ನಾನು.

ಬಿ ಫಾರಂಗೆ ಸಹಿ ಮಾಡುವ ಅಧಿಕಾರ ಯಾರಿಗೆ ಎಂದು ತಿಳಿಸುವುದು ಎ ಫಾರಂ. ಅದನ್ನು ತೆಗೆದು ನೋಡಿ. ಅಧಿಕಾರ ಪಡೆದವರ ಹೆಸರು, ಪಕ್ಷದಲ್ಲಿ ಅವರ ಹುದ್ದೆ, ಯಾವ ಕ್ಷೇತ್ರಗಳಿಗೆ ಎಂದು ಅದರಲ್ಲಿ ಕಾಲಂ ಇದೆ. ಅಂದರೆ ಇಡೀ ರಾಜ್ಯಕ್ಕೆ ಒಬ್ಬರೇ ಸಹಿ ಮಾಡಬೇಕು ಎಂದು ಕಾನೂನು ಹೇಳುವುದಿಲ್ಲ. ಮಂಡ್ಯ ಜಿಲ್ಲೆಯ ಕ್ಷೇತ್ರಗಳಿಗೆ ಮಂಡ್ಯದವರನ್ನೇ ನೇಮಿಸಬಹುದು. ಎ ಫಾರಂಗೂ ಶಾಯಿ ಸಹಿಯೇ ಬೇಕು, ಅದೂ ಮೂರು ಗಂಟೆಯೊಳಗೇ ತಲುಪಬೇಕು, ಆದರೆ ಅಭ್ಯರ್ಥಿಯ ಹೆಸರು ಅದರಲ್ಲಿ ಇರುವುದಿಲ್ಲವಾದ್ದರಿಂದ ಮೈತ್ರಿ ಮಾತು ಮುಗಿಯುವವರೆಗೆ ಕಾಯಬೇಕಿಲ್ಲ.

ಒಂದು ವಿಷಯ ಮಾತ್ರ ರಾಜ್ಯ ಸಮಿತಿ ಕೈಯಲ್ಲೇ ಇರಬೇಕಾಗುತ್ತದೆ. ಮಾನ್ಯತೆ ಇಲ್ಲದ ನೋಂದಾಯಿತ ಪಕ್ಷಕ್ಕೆ ಎಲ್ಲ ಕ್ಷೇತ್ರದಲ್ಲೂ ಒಂದೇ ಚಿಹ್ನೆ ಬೇಕಾದರೆ ವಿಧಾನಸಭೆಯ ಶೇ 5 ಕ್ಷೇತ್ರಗಳಲ್ಲಾದರೂ ಅಭ್ಯರ್ಥಿಗಳಿರಬೇಕು. ನಮ್ಮ 224ಕ್ಕೆ ಅದು ಹನ್ನೆರಡು. ಪ್ರತಿ ತಾಲ್ಲೂಕೂ ಈ ಸಲ ನಿಲ್ಲುವುದಿಲ್ಲ ಎಂದು ತನ್ನಷ್ಟಕ್ಕೆ ತೀರ್ಮಾನಿಸಿದರೆ ಹನ್ನೆರಡು ತುಂಬುವುದಿಲ್ಲ, ನಿಂತವರ ಚಿಹ್ನೆಯೂ ಹೋಗುತ್ತದೆ. ಎಷ್ಟು ಕಡೆ ನಿಲ್ಲಬೇಕು ಎಂಬ ಲೆಕ್ಕ ಮೇಲೆ ಇರಲಿ. ಯಾರು ನಿಲ್ಲಬೇಕು ಎಂಬುದು ನಿಮ್ಮದಾಗಲಿ.

ನಾಲೆಕೊನೆ

ಸಾರ್, ಈ ಎ ಫಾರಂ ವಿಷಯ ನಮ್ಮ ಜಿಲ್ಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಡೇರಿ ಅಕ್ಕನಿಗೆ ಫೋನು ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ಪ್ರತಿ ತಂದುಕೊಡು, ಓದಿ ಇಟ್ಟುಕೊಳ್ಳುತ್ತೇನೆ ಅಂದರು.

ನಿನ್ನೆ ಸಂಜೆ ಮೂರು ಜನ ಕೂತು ತಿದ್ದುಪಡಿ ಬರೆದೆವು. ನೀರಿನದ್ದು ಹೀಗಿದೆ: ಕೆರೆ, ಕಟ್ಟೆ, ಊರಿನ ಕುಡಿಯುವ ನೀರು ಗ್ರಾಮಸಭೆಗೆ. ನಾಲೆ ನೀರು ಊರಿನ ಲೆಕ್ಕದಲ್ಲಿ ಅಲ್ಲ, ನಾಲೆಯ ಲೆಕ್ಕದಲ್ಲಿ. ಒಂದು ಉಪನಾಲೆಯ ಮೇಲಿನ ಎಲ್ಲ ಊರುಗಳ ನೀರು ಬಳಕೆದಾರರ ಸಂಘ ಒಂದೇ, ಅದರ ಆಡಳಿತ ಮಂಡಳಿಯಲ್ಲಿ ಕೊನೆ ಭಾಗದವರಿಗೆ ಮೂರರಲ್ಲಿ ಒಂದು ಸ್ಥಾನ ಕಾನೂನಿನಿಂದಲೇ ಕಾಯ್ದಿರಬೇಕು. ಸರದಿಯ ಪಟ್ಟಿ ಸಂಘ ಮಾಡಲಿ, ಬೀಗದ ಕೈ ಇಲಾಖೆಯ ಸೌಡಿ ಹತ್ತಿರ ಇರಲಿ, ಸೌಡಿಗಳ ಹುದ್ದೆ ತುಂಬುವುದು ಸರ್ಕಾರದ ಕೆಲಸ. ಅಣೆಕಟ್ಟೆಯಿಂದ ಎಷ್ಟು ನೀರು ಎಂಬುದು ನಮ್ಮ ಕೈಯಲ್ಲೂ ಇಲ್ಲ, ಬೆಂಗಳೂರಿನ ಕೈಯಲ್ಲೂ ಪೂರ್ತಿ ಇಲ್ಲ. 2018ರಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಎಂದು ತೀರ್ಪು ಕೊಟ್ಟಿದೆ, ಅದೇ ವರ್ಷ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಬಂದಿದೆ. ಕರಡಿನಲ್ಲಿ ಇದರ ಒಂದು ಸಾಲೂ ಇರಲಿಲ್ಲ. ತಂಜಾವೂರಿನಲ್ಲೂ ನಮ್ಮಂಥ ಕೊನೆ ಭಾಗದವರೇ ಇರುವುದು ಎಂದು ಬರೆಯಬೇಕೋ ಬೇಡವೋ ಎಂದು ಮೂವರಲ್ಲಿ ಜಗಳವೇ ಆಯಿತು. ನಾನು ಬರೆಯಬೇಕು ಅಂದೆ. ತಮ್ಮ ಬೇಡ ಅಂದ, ಮಂಡ್ಯದಲ್ಲಿ ಆ ಮಾತು ಆಡಿದರೆ ಪಕ್ಷ ಉಳಿಯುವುದಿಲ್ಲ ಅಂದ. ಅದು ಸಭೆಗೆ ಬಿಟ್ಟದ್ದು.

ಮನೆ, ನಿವೇಶನದ ಪಟ್ಟಿ ಗ್ರಾಮಸಭೆಗೆ, ಆದರೆ ಬಿಟ್ಟುಹೋದವರ ದೂರು ಕೇಳಲು ತಾಲ್ಲೂಕಿನಲ್ಲಿ ಭೂ ನ್ಯಾಯಮಂಡಳಿಯ ಮಾದರಿಯ ಒಂದು ಮಂಡಳಿ, ಅದರಲ್ಲಿ ಪರಿಶಿಷ್ಟರು ಮತ್ತು ಹೆಣ್ಣುಮಕ್ಕಳು ಇರಲೇಬೇಕು. ಗ್ರಾಮಸಭೆ ಎಲ್ಲರೂ ಸಮನಾಗಿ ಕೂರಬಲ್ಲ ಸಾರ್ವಜನಿಕ ಜಾಗದಲ್ಲೇ ಆಗಬೇಕು. ಇದನ್ನು ಅಕ್ಕನ ಮಾತಿನಲ್ಲೇ ಬರೆದಿದ್ದೇವೆ.

ಇಪ್ಪತ್ತೊಂದನೇ ಪುಟಕ್ಕೆ: ಅಭ್ಯರ್ಥಿಯನ್ನು ತಾಲ್ಲೂಕು ಸಭೆ ಆರಿಸುವುದು, ಜಿಲ್ಲೆಯ ಒಬ್ಬರಿಗೆ ಎ ಫಾರಂ ಮೂಲಕ ಸಹಿಯ ಅಧಿಕಾರ, ಕಡೇ ದಿನಕ್ಕೆ ಐದು ದಿನ ಮೊದಲೇ ಬಿ ಫಾರಂ ತಾಲ್ಲೂಕಿನಲ್ಲಿ ಇರಬೇಕು. ಮೈತ್ರಿಯ ಮಾತು ರಾಜ್ಯ ಸಮಿತಿಯದ್ದು, ಆದರೆ ಆ ಐದು ದಿನದ ನಂತರ ಬದಲಾಯಿಸುವಂತಿಲ್ಲ. ಕಾಸರಗೋಡಿನವರು ಎಚ್ಚರಿಸಿದಂತೆ ಒಳಗೆ-ಹೊರಗೆ ಎಂಬ ವಾದ ತೆಗೆದುಹಾಕಿದ್ದೇನೆ. ಅದರ ಬದಲು 3.10ಕ್ಕೆ ಮೆಟ್ಟಿಲ ಮೇಲೆ ಕೂತ ಹುಡುಗನ ವಿಷಯ ಇದ್ದಂತೆಯೇ ಹೇಳುತ್ತೇನೆ. ಅವನೂ ಭಾನುವಾರ ಬರುತ್ತಾನೆ.

ಅಕ್ಕ, ಸಭೆಯನ್ನು ಶಾಲೆಯ ಅಂಗಳಕ್ಕೆ ಬದಲಾಯಿಸಿದ್ದೇವೆ. ಹೆಡ್ ಮಾಸ್ತರಿಂದ ಒಪ್ಪಿಗೆ ಪತ್ರ ತಗೊಂಡೆ, ಕೇರಿಯ ಮನೆಮನೆಗೆ ನಾನೇ ಹೋಗಿ ಹೇಳಿ ಬಂದೆ. ಬೆಳಗ್ಗೆ ಹನ್ನೊಂದಕ್ಕೆ ಎಂದಿದ್ದೆವು, ಅಲ್ಲಿಯ ಹೆಂಗಸರು ಕೂಲಿ ಮುಗಿಸಿ ಬರುವುದು ಮೂರು ಗಂಟೆಗೆ ಅಂದರು. ಮೂರೂವರೆಗೆ ಇಟ್ಟಿದ್ದೇವೆ.

ಮಾಜಿ ಅಧ್ಯಕ್ಷೆ

ಮೂರೂವರೆ ಸರಿಯಾಯಿತು ಅಣ್ಣ. ಒಂದು ಮೈಕು ಉದ್ದ ವೈರಿಂದು ತರಿಸಿ. ಮಾತಾಡುವವರು ಮುಂದೆ ಬರುವುದು ಬೇಡ, ಮೈಕೇ ಅವರ ಹತ್ತಿರ ಹೋಗಲಿ.